ಸ್ಪ್ಯಾನಿಷ್ ಭಾಷಿಕರಿಗೆ ಇಂಗ್ಲಿಷ್ ಸ್ವರಗಳನ್ನು ಅಭ್ಯಾಸ ಮಾಡಿಸುವ ಬಗೆ

ಬೊಗೊಟಾದಲ್ಲಿ ರಾತ್ರಿ ಎಂಟು ಗಂಟೆಯಾದಾಗ ನಮ್ಮಲ್ಲಿ ಬೆಳಗಿನ ಆರೂವರೆ. ಆ ಹೊತ್ತಿಗೆ ನನ್ನ ಆನ್‌ಲೈನ್ ಪಾಠಕ್ಕೆ ಬರುತ್ತಿದ್ದ ಕೊಲಂಬಿಯಾದ ವಿದ್ಯಾರ್ಥಿಯೊಬ್ಬರು ಮೊದಲ ದಿನವೇ ತಮ್ಮ ಮನೆಯ ಬಗ್ಗೆ ಹೇಳುತ್ತ, ತಾವು ಅಲ್ಲಿ ವಾಸವಾಗಿರುವುದನ್ನು ತಿಳಿಸಲು ‘ಲಿವ್’ ಎಂಬ ಪದವನ್ನು ಬಳಸಿದರು. ನನಗೆ ಅದು ‘ಲೀವ್’ ಎಂದು, ಅಂದರೆ ಅಲ್ಲಿಂದ ಹೊರಡುವ ಮಾತಾಗಿ ಕೇಳಿಸಿತು. ಮೊದಲನೆಯದು ಹ್ರಸ್ವ, ಎರಡನೆಯದು ದೀರ್ಘ ಎಂದು ನಾನು ತಿದ್ದಿದೆ. ಅವರು ಶ್ರದ್ಧೆಯಿಂದ ಒಂದನ್ನು ಚುಟುಕಾಗಿಯೂ ಇನ್ನೊಂದನ್ನು ಎಳೆದೂ ಹೇಳಿದರು. ಆದರೆ ನನ್ನ ಕಿವಿಗೆ ಬಿದ್ದದ್ದು ಎರಡೂ ಸಲ ‘ಲೀವ್’ ಎಂಬ ಪದವೇ: ಒಂದು ಗಿಡ್ಡ, ಇನ್ನೊಂದು ಉದ್ದ. ಮೂರು ವಾರ ಹೀಗೆ ಕಳೆದ ಮೇಲೆ ತಪ್ಪು ಅವರ ನಾಲಿಗೆಯಲ್ಲಿಲ್ಲ, ನಾನು ಕೊಟ್ಟ ಸೂಚನೆಯಲ್ಲಿದೆ ಎಂಬುದು ನನಗೆ ಮನವರಿಕೆಯಾಯಿತು.

ಕನ್ನಡಿಗರಿಗೆ ಸ್ವರ ಎಂದ ಕೂಡಲೇ ಮನಸ್ಸಿಗೆ ಬರುವುದು ಹ್ರಸ್ವ ಮತ್ತು ದೀರ್ಘ. ‘ಕಡು’ ಬೇರೆ, ‘ಕಾಡು’ ಬೇರೆ. ‘ಹಿರಿ’ ಬೇರೆ, ‘ಹೀರಿ’ ಬೇರೆ. ಇಂಗ್ಲಿಷಿನ ಸ್ವರಗಳನ್ನೂ ನಾವು ಇದೇ ಅಳತೆಗೋಲಿನಿಂದ ಅಳೆದು ಕಲಿತಿದ್ದೇವೆ, ಅದೇ ಅಳತೆಗೋಲನ್ನು ಇತರರಿಗೂ ದಾಟಿಸುತ್ತೇವೆ. ಸ್ಪ್ಯಾನಿಷ್ ಭಾಷಿಕರಿಗೆ ಪಾಠ ಹೇಳುವವರು ಮೊದಲು ಕೆಳಗಿಡಬೇಕಾದದ್ದು ಇದನ್ನೇ. ಅಮೆರಿಕದ ಊರುಗಳ ಗ್ರಂಥಾಲಯಗಳಲ್ಲಿ ಸ್ವಯಂಸೇವಕರಾಗಿ ಇಂಗ್ಲಿಷ್ ಮಾತುಕತೆಯ ಗುಂಪು ನಡೆಸುವ ಕನ್ನಡಿಗರು, ಬೆಂಗಳೂರು ಮೈಸೂರುಗಳಿಂದ ಆನ್‌ಲೈನ್ ಪಾಠ ಮಾಡುವವರು, ಮೆಕ್ಸಿಕೋ ಅಥವಾ ಸ್ಪೇನಿನ ಸಹೋದ್ಯೋಗಿಗಳಿಗೆ ನೆರವಾಗಬೇಕಾಗಿ ಬಂದವರು, ಸ್ಪ್ಯಾನಿಷ್ ಮನೆಮಾತಿನವರನ್ನು ಮದುವೆಯಾದವರು, ಇವರೆಲ್ಲರನ್ನು ಮನಸ್ಸಿನಲ್ಲಿಟ್ಟುಕೊಂಡು, ನಾನು ಅನುಸರಿಸುವ ಕ್ರಮವನ್ನು ಇಲ್ಲಿ ವಿವರಿಸುತ್ತಿದ್ದೇನೆ.

ಮೊದಲು ವಿದ್ಯಾರ್ಥಿಯ ಭಾಷೆಯನ್ನು ಅರಿಯಬೇಕು

ಸ್ಪ್ಯಾನಿಷಿನಲ್ಲಿರುವುದು ಐದೇ ಸ್ವರಗಳು: ಆ, ಎ, ಇ, ಒ, ಉ. ಬರೆಯುವ ಅಕ್ಷರಗಳೂ ಐದೇ, ಒಂದು ಅಕ್ಷರಕ್ಕೆ ಒಂದೇ ಧ್ವನಿ. ಉದ್ದ ಗಿಡ್ಡಗಳಿಂದ ಅರ್ಥ ಬದಲಾಗುವುದಿಲ್ಲ. ಒತ್ತು, ಅಂದರೆ ಹೇಳುವಾಗ ಕೊಡುವ ಬಲ, ಬೀಳದ ಕಡೆಯಲ್ಲಿಯೂ ಸ್ವರ ತನ್ನ ಪೂರ್ಣ ರೂಪದಲ್ಲಿಯೇ ನಿಲ್ಲುತ್ತದೆ. ಮನೆ ಎಂಬ ಅರ್ಥದ ‘ಕಾಸಾ’ ಪದದಲ್ಲಿ ಒತ್ತು ಮೊದಲನೆಯದರ ಮೇಲಿದ್ದರೂ ಎರಡು ಆಕಾರಗಳ ಬಣ್ಣ ಹೆಚ್ಚುಕಡಿಮೆ ಒಂದೇ. 1713ರಲ್ಲಿ ಸ್ಥಾಪನೆಯಾದ ಸ್ಪೇನಿನ ರಾಜ ಅಕಾಡೆಮಿಯು ಕಾಗುಣಿತವನ್ನು ಉಚ್ಚಾರಣೆಗೆ ಹತ್ತಿರದಲ್ಲಿಯೇ ಇರಿಸಿಕೊಂಡು ಬಂದದ್ದರಿಂದ, ಸ್ಪ್ಯಾನಿಷ್ ಮಗುವೊಂದು ಅಕ್ಷರ ಕಲಿತರೆ ಓದು ಬಂತೆಂದೇ ಅರ್ಥ.

ಇಂಗ್ಲಿಷಿನ ಸ್ಥಿತಿ ಇದಕ್ಕೆ ಪೂರ್ಣ ವಿರುದ್ಧ. ದಕ್ಷಿಣ ಇಂಗ್ಲೆಂಡಿನ ಶಿಷ್ಟ ಉಚ್ಚಾರಣೆಯಲ್ಲಿ ಐ, ಔಗಳಂತೆ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಸಂಧ್ಯಕ್ಷರಗಳನ್ನೂ ಸೇರಿಸಿ ಸುಮಾರು ಇಪ್ಪತ್ತು ಸ್ವರಗಳಿವೆಯೆಂದು ಎಣಿಸುವುದು ವಾಡಿಕೆ, ಅಮೆರಿಕದ ಉಚ್ಚಾರಣೆಯಲ್ಲಿ ಹದಿನೈದರ ಆಸುಪಾಸು. ಬರೆಯಲು ಮಾತ್ರ ಅದೇ ಐದು ಅಕ್ಷರಗಳು. 1476ರಲ್ಲಿ ಮುದ್ರಕ ವಿಲಿಯಂ ಕ್ಯಾಕ್ಸ್ಟನ್ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಮುದ್ರಣಯಂತ್ರ ಸ್ಥಾಪಿಸಿದಂದಿನಿಂದ ಕಾಗುಣಿತ ಮೆಲ್ಲಗೆ ಗಟ್ಟಿಯಾಗತೊಡಗಿತು. ಅದೇ ಕಾಲದಲ್ಲಿ ಇಂಗ್ಲಿಷಿನ ದೀರ್ಘ ಸ್ವರಗಳೆಲ್ಲ ತಮ್ಮ ಸ್ಥಾನ ಬಿಟ್ಟು ಚಲಿಸುತ್ತಿದ್ದವು. ಹೀಗಾಗಿ ಬರಹ ಹಳೆಯ ನಾಲಿಗೆಯನ್ನು ತೋರಿಸುತ್ತದೆ, ಮಾತು ಹೊಸ ನಾಲಿಗೆಯಲ್ಲಿ ನಡೆಯುತ್ತದೆ. ಅಕ್ಷರವನ್ನು ನಂಬುವುದು ಸ್ಪ್ಯಾನಿಷ್ ಭಾಷಿಕರಿಗೆ ಬಾಲ್ಯದಿಂದ ಬಂದ ಒಳ್ಳೆಯ ಅಭ್ಯಾಸ. ಅದನ್ನು ಇಂಗ್ಲಿಷಿನ ಮಟ್ಟಿಗೆ ಬಿಡಿಸಲು ಕಾರಣವನ್ನು ಒಂದು ಸಲವಾದರೂ ಹೇಳಬೇಕು. ಕಾರಣ ತಿಳಿದವರು ತಮ್ಮನ್ನು ತಾವು ದಡ್ಡರೆಂದು ಭಾವಿಸುವುದಿಲ್ಲ.

ಪಾಠ ಆರಂಭಿಸುವ ಮುನ್ನವೇ ಅಮೆರಿಕದ ಉಚ್ಚಾರಣೆಯೋ ಬ್ರಿಟನ್ನಿನದೋ ಎಂಬುದನ್ನು ವಿದ್ಯಾರ್ಥಿಯ ಕೆಲಸ ಮತ್ತು ವಾಸಸ್ಥಳವನ್ನು ನೋಡಿ ನಿರ್ಧರಿಸಬೇಕು. ಎರಡನ್ನೂ ಬೆರೆಸಿದರೆ ‘ಆ’ ಮತ್ತು ‘ಒ’ಗಳ ವಲಯದಲ್ಲಿ ಗೊಂದಲ ತಪ್ಪದು. ಮಾದರಿಯಾಗಿ ಆ ಭಾಷೆಯನ್ನು ಮನೆಮಾತಾಗಿ ಆಡುವವರ ಧ್ವನಿಮುದ್ರಣಗಳನ್ನೇ ಬಳಸಬೇಕೆಂಬುದು ನನ್ನ ದೃಢ ಅಭಿಪ್ರಾಯ. ನಮ್ಮ ಇಂಗ್ಲಿಷ್ ಅರ್ಥವಾಗುವಂಥದ್ದು, ಗೌರವಕ್ಕೆ ಪಾತ್ರವಾದದ್ದು. ಆದರೆ ಅದರ ಸ್ವರಗಳು ಕನ್ನಡದ ಮನೆಯಲ್ಲಿ ಬೆಳೆದವು. ‘ಎ’ಕಾರದಿಂದ ಆರಂಭವಾಗುವ ಪದಕ್ಕೆ ನಾವು ಅರಿವಿಲ್ಲದೆಯೇ ಯಕಾರವನ್ನೂ ‘ಒ’ಕಾರಕ್ಕೆ ವಕಾರವನ್ನೂ ಮುಂದಿಡುತ್ತೇವೆ. ‘ಎಲ್ಲಿ’ ನಮ್ಮ ಬಾಯಲ್ಲಿ ‘ಯೆಲ್ಲಿ’, ‘ಒಂದು’ ನಮ್ಮ ಬಾಯಲ್ಲಿ ‘ವೊಂದು’. ಮೊಟ್ಟೆಗೆ ನಾವು ‘ಯೆಗ್’ ಎಂದರೆ, ಸ್ಪ್ಯಾನಿಷ್ ವಿದ್ಯಾರ್ಥಿ ಅದನ್ನೇ ಪಾಠವೆಂದು ಕಲಿಯುತ್ತಾರೆ. ಅವರ ಸ್ವಂತ ‘ಎ’ ಇಲ್ಲಿ ನಮ್ಮದಕ್ಕಿಂತ ಶುದ್ಧವಾಗಿರುತ್ತದೆ.

ಬಾಯಿಗಿಂತ ಮೊದಲು ಕಿವಿ

ಕೇಳಿಸದ ಭೇದವನ್ನು ನಾಲಿಗೆ ಮಾಡಲಾರದು. ಆದ್ದರಿಂದ ಮೊದಲ ಹೆಜ್ಜೆಯಲ್ಲಿ ವಿದ್ಯಾರ್ಥಿ ಏನನ್ನೂ ಉಚ್ಚರಿಸಬೇಕಾಗಿಲ್ಲ, ಕೇಳಿದರೆ ಸಾಕು. ಒಂದೇ ಸ್ವರದಿಂದ ಬೇರೆಯಾಗುವ ಪದಗಳ ಜೋಡಿಗಳನ್ನು ಆರಿಸಿ, ಉದಾಹರಣೆಗೆ ಹಡಗು ಎಂಬ ಅರ್ಥದ ‘ಶಿಪ್’ ಮತ್ತು ಕುರಿ ಎಂಬ ಅರ್ಥದ ‘ಶೀಪ್’, ಅವುಗಳ ಧ್ವನಿಮುದ್ರಣಗಳನ್ನು ಗೊತ್ತುಗುರಿಯಿಲ್ಲದ ಅನುಕ್ರಮದಲ್ಲಿ ಇಪ್ಪತ್ತು ಸಲ ಕೇಳಿಸಬೇಕು. ಬರೆದ ಪದವನ್ನು ತೋರಿಸದೆ ಒಂದು ಹಡಗಿನ ಚಿತ್ರ, ಒಂದು ಕುರಿಯ ಚಿತ್ರ ಇಟ್ಟರೆ ಅಕ್ಷರದ ಪ್ರಭಾವ ತಪ್ಪುತ್ತದೆ. ಕೇಳಿದ ಕೂಡಲೇ ವಿದ್ಯಾರ್ಥಿ ಒಂದು ಚಿತ್ರವನ್ನು ಮುಟ್ಟಬೇಕು, ಉತ್ತರ ಸರಿಯೋ ತಪ್ಪೋ ಎಂಬುದನ್ನು ನಾವು ತಕ್ಷಣ ಹೇಳಬೇಕು. ಇಪ್ಪತ್ತರಲ್ಲಿ ಹತ್ತು ಹನ್ನೊಂದು ಸರಿಯಾದರೆ ಅದು ಊಹೆ, ಕೇಳ್ಮೆಯಲ್ಲ. ಹದಿನೇಳು ಹದಿನೆಂಟಕ್ಕೆ ಏರುವವರೆಗೆ ನಾನು ಬಾಯಿಯ ಅಭ್ಯಾಸಕ್ಕೆ ಹೋಗುವುದಿಲ್ಲ.

ಒಂದೇ ಧ್ವನಿಯನ್ನು ಕೇಳಿಸುತ್ತಿದ್ದರೆ ವಿದ್ಯಾರ್ಥಿ ಆ ವ್ಯಕ್ತಿಯ ಗುರುತುಗಳನ್ನು ಕಲಿಯುತ್ತಾರೆಯೇ ಹೊರತು ಸ್ವರವನ್ನಲ್ಲ. 1991ರಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯದ ಡೇವಿಡ್ ಪಿಸೋನಿ ಮತ್ತು ಸಂಗಡಿಗರು, ರಕಾರ ಲಕಾರಗಳ ಭೇದ ತಿಳಿಯದ ಜಪಾನೀ ಭಾಷಿಕರಿಗೆ ಹಲವು ಜನರ ಧ್ವನಿಯಲ್ಲಿ, ಪದದ ಹಲವು ಸ್ಥಾನಗಳಲ್ಲಿ ಆ ಧ್ವನಿಗಳನ್ನು ಕೇಳಿಸಿ ತರಬೇತಿ ಕೊಟ್ಟ ಪ್ರಯೋಗ ಈ ಕ್ಷೇತ್ರದಲ್ಲಿ ಪ್ರಸಿದ್ಧವಾದದ್ದು. ಅಲ್ಲಿಂದೀಚೆಗೆ ಇದೇ ವಿಧಾನವನ್ನು ಸ್ವರಗಳಿಗೂ ಅನ್ವಯಿಸಿದ್ದಾರೆ. ಮನೆಯ ಮಟ್ಟದಲ್ಲಿ ಇದನ್ನು ಮಾಡುವುದು ಸುಲಭ. ಆನ್‌ಲೈನ್ ನಿಘಂಟುಗಳಲ್ಲಿ ಸಿಗುವ ಗಂಡಸರ ಮತ್ತು ಹೆಂಗಸರ ಧ್ವನಿಗಳಿಂದ ನಾಲ್ಕೈದು ಬಗೆಯನ್ನು ಆರಿಸಿಕೊಂಡರೆ ಸಾಕು. ಕಿವಿಗೆ ಹೆಡ್‌ಫೋನ್ ಇರುವುದು ಅಗತ್ಯ, ಮೊಬೈಲಿನ ಸಣ್ಣ ಸ್ಪೀಕರ್ ಸೂಕ್ಷ್ಮ ಭೇದಗಳನ್ನು ತಿಂದುಹಾಕುತ್ತದೆ.

ಹಡಗು ಮತ್ತು ಕುರಿ

ಸ್ಪ್ಯಾನಿಷಿನಲ್ಲಿ ಹೌದು ಎನ್ನಲು ಬಳಸುವ ‘ಸಿ’ ಎಂಬ ಪದದ ಇಕಾರ ಬಿಗಿಯಾದದ್ದು. ನಾಲಿಗೆಯ ಮುಂಭಾಗ ಅಂಗುಳಿನ ಹತ್ತಿರಕ್ಕೆ ಏರಿರುತ್ತದೆ, ತುಟಿಗಳು ನಗುವಿನಂತೆ ಅಗಲವಾಗಿರುತ್ತವೆ. ಇಂಗ್ಲಿಷಿನ ಕುರಿಯ ಸ್ವರಕ್ಕೆ ಇದು ಬಹಳ ಸಮೀಪ, ಆದ್ದರಿಂದ ಅದನ್ನು ಕಲಿಸಬೇಕಾಗಿಯೇ ಇಲ್ಲ. ಕಲಿಯಬೇಕಾದದ್ದು ಹಡಗಿನ ಸ್ವರ. ಅದು ಸ್ಪ್ಯಾನಿಷಿನ ‘ಇ’ಗೂ, ಮೇಜು ಎಂಬ ಅರ್ಥದ ‘ಮೆಸಾ’ದಲ್ಲಿ ಬರುವ ‘ಎ’ಗೂ ನಡುವೆ ಇರುತ್ತದೆ.

ಅದನ್ನು ಮುಟ್ಟಲು ನಾನು ಮಾಡಿಸುವ ಕ್ರಮ ಹೀಗಿದೆ. ವಿದ್ಯಾರ್ಥಿ ಕನ್ನಡಿಯ ಮುಂದೆ ಕುಳಿತು ‘ಇ’ ಎಂದು ಉಸಿರು ಹಿಡಿಯುವಷ್ಟು ಹೊತ್ತು ಎಳೆಯಬೇಕು, ಧ್ವನಿಯನ್ನು ನಿಲ್ಲಿಸದೆ ಅದನ್ನು ಬಹಳ ನಿಧಾನವಾಗಿ ‘ಎ’ ಕಡೆಗೆ ಜಾರಿಸಬೇಕು. ಆ ದಾರಿಯಲ್ಲಿ ಮೂರನೆಯ ಒಂದು ಭಾಗ ಸಾಗಿದಾಗ ನಾನು ಕೈಯೆತ್ತುತ್ತೇನೆ, ಅವರು ಅಲ್ಲಿಯೇ ನಿಲ್ಲಬೇಕು. ನಗು ಸಡಿಲವಾಗಿ, ಕೆನ್ನೆಯ ಬಿಗಿ ಇಳಿದು, ದವಡೆ ಒಂದು ಎಳೆಯಷ್ಟು ತಗ್ಗಿರುತ್ತದೆ. ಆ ಸ್ಥಾನವನ್ನು ಹಿಡಿದುಕೊಂಡೇ ಮುಂದೆ ಶಕಾರ, ಹಿಂದೆ ಪಕಾರ ಸೇರಿಸಬೇಕು. ಬೊಗೊಟಾದ ಆ ವಿದ್ಯಾರ್ಥಿ ಮೊದಲ ಸಲ ಇದನ್ನು ಸರಿಯಾಗಿ ಹೇಳಿದಾಗ, ‘ಇದು ಸೋಮಾರಿ ಇಕಾರ’ ಎಂದರು. ಆ ಹೆಸರನ್ನೇ ಅಂದಿನಿಂದ ನಾನು ಎಲ್ಲರಿಗೂ ಹೇಳುತ್ತೇನೆ.

ಇನ್ನು ಉದ್ದದ ವಿಚಾರ. ಕ, ಟ, ಪಗಳಂತೆ ಗಂಟಲು ಕಂಪಿಸದ ಅಘೋಷ ವ್ಯಂಜನಗಳಿಗೆ ಮೊದಲು ಬಂದಾಗ ಇಂಗ್ಲಿಷಿನ ಎಲ್ಲ ಸ್ವರಗಳೂ ಕುಗ್ಗುತ್ತವೆ, ಗ, ಡ, ಬಗಳಂತೆ ಗಂಟಲು ಕಂಪಿಸುವ ಘೋಷ ವ್ಯಂಜನಗಳಿಗೆ ಮೊದಲು ಬಂದಾಗ ಹಿಗ್ಗುತ್ತವೆ. ಹೊಡೆಯುವುದು ಎಂಬ ಅರ್ಥದ ‘ಬೀಟ್’ ಪದದ ಸ್ವರ, ಮಣಿ ಎಂಬ ಅರ್ಥದ ‘ಬೀಡ್’ ಪದದ ಸ್ವರಕ್ಕಿಂತ ಎಷ್ಟೋ ಗಿಡ್ಡ. ಹರಾಜಿನಲ್ಲಿ ಕೂಗುವ ‘ಬಿಡ್’ ಎಂಬ ಪದದ ಹ್ರಸ್ವವೆನಿಸಿದ ಸ್ವರ, ದೀರ್ಘವೆನಿಸಿದ ‘ಬೀಟ್’ ಪದದ ಸ್ವರದಷ್ಟೇ, ಕೆಲವೊಮ್ಮೆ ಅದಕ್ಕಿಂತ ಹೆಚ್ಚೇ ಉದ್ದವಿರಬಹುದು. ಕನ್ನಡ ಲಿಪಿಯಲ್ಲಿ ಬರೆದರೆ ಈ ಸತ್ಯ ಪೂರ್ಣವಾಗಿ ಮರೆಯಾಗುತ್ತದೆ. ಈ ಲೇಖನದಲ್ಲಿ ನಾನು ಬರೆದ ದೀರ್ಘದ ಚಿಹ್ನೆಯನ್ನೂ ಓದುಗರು ಗುರುತಿಗಷ್ಟೇ ಇಟ್ಟುಕೊಳ್ಳಬೇಕು. ತಮ್ಮ ಭಾಷೆಯಲ್ಲಿ ಹ್ರಸ್ವದೀರ್ಘಗಳೇ ಇಲ್ಲದ ಸ್ಪ್ಯಾನಿಷ್ ಭಾಷಿಕರು ಕೂಡ ಇಂಗ್ಲಿಷ್ ಕಲಿಯುವಾಗ ಸುಲಭವಾಗಿ ಕಿವಿಗೆ ಬೀಳುವ ಉದ್ದವನ್ನೇ ಆಧಾರವಾಗಿ ಹಿಡಿಯುವುದನ್ನು ಧ್ವನಿವಿಜ್ಞಾನಿಗಳು ಗಮನಿಸಿದ್ದಾರೆ. ಅವರದೇ ಆ ಒಲವಿಗೆ ನಮ್ಮ ಹ್ರಸ್ವದೀರ್ಘದ ಪಾಠವೂ ಸೇರಿದರೆ ತಪ್ಪು ಇಮ್ಮಡಿಯಾಗುತ್ತದೆ. ಆದ್ದರಿಂದ ಕುರಿಯ ಸ್ವರವನ್ನು ಬೇಕೆಂದೇ ಅತಿ ಗಿಡ್ಡವಾಗಿಯೂ ಹಡಗಿನ ಸ್ವರವನ್ನು ಬೇಕೆಂದೇ ಎಳೆದೂ ಹೇಳಿಸುವ ಅಭ್ಯಾಸವನ್ನು ಒಂದು ವಾರ ಮಾಡಿಸಬೇಕು. ಹಾಗೆ ಹೇಳಿದಾಗಲೂ ಎರಡು ಪದಗಳು ಬೇರೆಬೇರೆಯಾಗಿ ಕೇಳಿಸಿದರೆ ಸ್ವರದ ಬಣ್ಣ ಸರಿಯಾಗಿದೆ ಎಂದು ತಿಳಿಯಬಹುದು.

ಕಡಲತೀರ, ಕಾಗದದ ಹಾಳೆ ಎಂಬ ಅರ್ಥದ ಎರಡು ಸಾಮಾನ್ಯ ಪದಗಳು ಈ ಸ್ವರ ತಪ್ಪಿದರೆ ಬೈಗುಳಗಳಾಗುತ್ತವೆ. ಅನೇಕ ವಿದ್ಯಾರ್ಥಿಗಳು ಆ ಭಯದಿಂದ ಅವುಗಳನ್ನು ಬಳಸುವುದನ್ನೇ ಬಿಟ್ಟಿರುತ್ತಾರೆ. ಮುಜುಗರಪಡದೆ ಆ ಜೋಡಿಗಳನ್ನು ಮೊದಲ ವಾರದಲ್ಲಿಯೇ ಅಭ್ಯಾಸಕ್ಕೆ ತಂದು ಭಯ ಬಿಡಿಸುವುದು ಒಳ್ಳೆಯದು.

ಒಂದು ಆಕಾರದ ಅಡಿಯಲ್ಲಿ ಮೂರು ಸ್ವರಗಳು

ಬೆಕ್ಕು ಎಂಬ ಅರ್ಥದ ‘ಕ್ಯಾಟ್’, ಕತ್ತರಿಸು ಎಂಬ ಅರ್ಥದ ‘ಕಟ್’, ಅಮೆರಿಕನ್ನರು ಮಡಚುವ ಮಂಚಕ್ಕೆ ಹೇಳುವ ‘ಕಾಟ್’, ಈ ಮೂರೂ ಸ್ಪ್ಯಾನಿಷ್ ಕಿವಿಗೆ ಒಂದೇ ‘ಆ’. ಈ ಭಾಗಕ್ಕೆ ಹೆಚ್ಚು ದಿನಗಳನ್ನು ಮೀಸಲಿಡಬೇಕು.

ಬೆಕ್ಕಿನ ಸ್ವರಕ್ಕೆ ‘ಆ’ದಿಂದ ಹೊರಡಬಾರದು, ‘ಎ’ದಿಂದ ಹೊರಡಬೇಕು. ‘ಮೆಸಾ’ದ ‘ಎ’ಯನ್ನು ಹಿಡಿದುಕೊಂಡು, ನಾಲಿಗೆಯ ತುದಿ ಕೆಳಹಲ್ಲಿನ ಹಿಂಭಾಗವನ್ನು ಮುಟ್ಟಿಕೊಂಡಿರುವಂತೆಯೇ, ಹೆಬ್ಬೆರಳು ತೋರುಬೆರಳುಗಳಿಂದ ಗಲ್ಲವನ್ನು ಹಿಡಿದು ದವಡೆಯನ್ನು ಎರಡು ಬೆರಳಿನಷ್ಟು ಕೆಳಕ್ಕೆ ಇಳಿಸಬೇಕು. ನಾಲಿಗೆ ಹಿಂದಕ್ಕೆ ಸರಿಯದಿದ್ದರೆ ಬರುವ ಧ್ವನಿ ಅದೇ. ನಮ್ಮ ಆಡುಮಾತಿನ ‘ಪ್ಯಾಟೆ’, ‘ಬ್ಯಾಡ’, ‘ಮ್ಯಾಲೆ’ಗಳಲ್ಲಿ ಈ ಸ್ವರ ನಮಗಿದೆ, ಬರಹದ ಕನ್ನಡದಲ್ಲಿ ಅದಕ್ಕೆ ಸ್ವಂತ ಅಕ್ಷರವಿಲ್ಲ. ಯಕಾರದ ಒತ್ತು ಹಾಕಿ ಬರೆಯುವ ರೂಢಿಯಿಂದಾಗಿ ನಮ್ಮಲ್ಲಿ ಕೆಲವರು ಅಲ್ಲಿ ನಿಜವಾಗಿಯೇ ಒಂದು ಯಕಾರವನ್ನು ಉಚ್ಚರಿಸುತ್ತಾರೆ. ಇಂಗ್ಲಿಷಿನಲ್ಲಿ ಆ ಯಕಾರ ಇಲ್ಲ. ಕಕಾರದಿಂದ ನೇರವಾಗಿ ಸ್ವರಕ್ಕೆ ಹೋಗಬೇಕು.

‘ಕಟ್’ ಪದದ ಸ್ವರ ನಮಗೆ ವರವಾಗಿ ಬಂದಿದೆ. ನಮ್ಮ ಹ್ರಸ್ವ ಅಕಾರ, ‘ಕಲ್ಲು’ ಪದದ ಮೊದಲ ಸ್ವರ, ಅದಕ್ಕೆ ಬಹಳ ಹತ್ತಿರ. ಇಲ್ಲಿ ಮಾತ್ರ ಕನ್ನಡಿಗ ಶಿಕ್ಷಕರು ಧೈರ್ಯವಾಗಿ ತಮ್ಮ ಬಾಯನ್ನೇ ಮಾದರಿಯಾಗಿ ಕೊಡಬಹುದು. ಸ್ಪ್ಯಾನಿಷಿನ ‘ಆ’ ಎನ್ನುತ್ತ ದವಡೆಯನ್ನು ಅರ್ಧ ಮುಚ್ಚಿ, ತುಟಿಗಳನ್ನು ಯಾವ ಕಡೆಗೂ ಎಳೆಯದೆ, ಹೊಟ್ಟೆಗೆ ಯಾರೋ ಮೆತ್ತಗೆ ಗುದ್ದಿದಾಗ ಹೊರಡುವಂಥ ಚುಟುಕು ಧ್ವನಿಯನ್ನು ಹೊರಡಿಸಲು ಹೇಳಿದರೆ ಬಹುತೇಕರಿಗೆ ಬೇಗ ಬರುತ್ತದೆ. ಈ ಸ್ವರದ ಕಷ್ಟವಿರುವುದು ಕಾಗುಣಿತದಲ್ಲಿ. ಪ್ರೀತಿ, ತಾಯಿ, ದುಡ್ಡು, ಸೋಮವಾರ, ಲಂಡನ್, ಈ ಎಲ್ಲ ಪದಗಳನ್ನು ಇಂಗ್ಲಿಷಿನಲ್ಲಿ ‘ಒ’ ಅಕ್ಷರದಿಂದ ಬರೆದು ಈ ಸ್ವರದಿಂದ ಓದುತ್ತಾರೆ. ವಿದ್ಯಾರ್ಥಿಯ ಪುಸ್ತಕದಲ್ಲಿ ಒಂದು ಪುಟವನ್ನು ಇಂಥ ಪದಗಳಿಗೇ ಬಿಡಬೇಕು. ಮೂರನೆಯದಾದ ‘ಕಾಟ್’ ಪದದ ಸ್ವರಕ್ಕೆ ಅಮೆರಿಕದ ಉಚ್ಚಾರಣೆಯಲ್ಲಿ ವೈದ್ಯರು ಗಂಟಲು ನೋಡುವಾಗ ಬಾಯಿ ತೆರೆಸುವ ‘ಆ’ ಸಾಕಾಗುತ್ತದೆ. ಬ್ರಿಟನ್ನಿನ ಉಚ್ಚಾರಣೆಯಲ್ಲಿ ಅದಕ್ಕೆ ತುಟಿ ಸ್ವಲ್ಪ ದುಂಡಗಾಗಬೇಕು.

ಕಣ್ಣಿನಿಂದ ನೋಡಿ ನಂಬುವ ಸ್ವಭಾವದ ವಿದ್ಯಾರ್ಥಿಗಳಿಗೆ ಪ್ರಾಟ್ ಎಂಬ ತಂತ್ರಾಂಶವನ್ನು ತೋರಿಸುತ್ತೇನೆ. ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದ ಪಾಲ್ ಬೂರ್ಸ್ಮಾ ಮತ್ತು ಡೇವಿಡ್ ವೀನಿಂಕ್ ರೂಪಿಸಿದ ಇದು ಉಚಿತವಾಗಿ ಸಿಗುತ್ತದೆ, ಧ್ವನಿಯನ್ನು ಮುದ್ರಿಸಿಕೊಂಡು ಅದರ ಅನುರಣನದ ಆವರ್ತನಗಳನ್ನು ಅಳೆದು ತೋರಿಸುತ್ತದೆ. ಬಾಯಿ ತೆರೆದಷ್ಟೂ ಮೊದಲನೆಯ ಆವರ್ತನ ಏರುತ್ತದೆ, ನಾಲಿಗೆ ಮುಂದೆ ಬಂದಷ್ಟೂ ಎರಡನೆಯದು ಏರುತ್ತದೆ. 1952ರಲ್ಲಿ ಬೆಲ್ ಪ್ರಯೋಗಾಲಯದ ಪೀಟರ್ಸನ್ ಮತ್ತು ಬಾರ್ನಿ 76 ಮಂದಿಯ ಸ್ವರಗಳನ್ನು ಅಳೆದು ಪ್ರಕಟಿಸಿದ ಸರಾಸರಿಗಳಲ್ಲಿ, ಗಂಡಸರ ಕುರಿಯ ಸ್ವರಕ್ಕೆ ಆ ಎರಡು ಅಂಕಿಗಳು 270 ಮತ್ತು 2290 ಹರ್ಟ್ಸ್, ಹಡಗಿನ ಸ್ವರಕ್ಕೆ 390 ಮತ್ತು 1990. ಬೆಕ್ಕಿನ ಸ್ವರಕ್ಕೆ 660 ಮತ್ತು 1720, ಕತ್ತರಿಸುವ ಸ್ವರಕ್ಕೆ 640 ಮತ್ತು 1190, ಮಂಚದ ಸ್ವರಕ್ಕೆ 730 ಮತ್ತು 1090. ಬೆಕ್ಕಿನ ಮತ್ತು ಕತ್ತರಿಸುವ ಸ್ವರಗಳ ಮೊದಲ ಅಂಕಿಗಳು ಎಷ್ಟು ಹತ್ತಿರ, ಎರಡನೆಯವು ಎಷ್ಟು ದೂರ ಎಂಬುದನ್ನು ನೋಡಿದರೆ, ಬಾಯಿ ಎಷ್ಟು ತೆರೆದಿದೆ ಎಂಬುದಕ್ಕಿಂತ ನಾಲಿಗೆ ಎಲ್ಲಿದೆ ಎಂಬುದು ಅಲ್ಲಿ ನಿರ್ಣಾಯಕ ಎಂಬುದು ಸ್ಪಷ್ಟವಾಗುತ್ತದೆ. ಹೆಂಗಸರ ಮತ್ತು ಮಕ್ಕಳ ಅಂಕಿಗಳು ಇದಕ್ಕಿಂತ ಮೇಲಿರುತ್ತವೆ. ಆದ್ದರಿಂದ ಅಂಕಿಯನ್ನು ಮುಟ್ಟಬೇಕೆಂಬ ಹಟ ಬೇಡ, ವಿದ್ಯಾರ್ಥಿಯ ಎರಡು ಸ್ವರಗಳು ಪರಸ್ಪರ ದೂರವಾಗುತ್ತಿವೆಯೇ ಎಂಬುದನ್ನಷ್ಟೇ ನೋಡಬೇಕು.

ಬೇಗ ಮುಗಿಸಬಹುದಾದವು

ಎಳೆಯುವುದು ಎಂಬ ‘ಪುಲ್’, ಈಜುಕೊಳದ ‘ಪೂಲ್’ ಎಂಬಂಥ ಉಕಾರದ ಜೋಡಿಗಳು ಇಂಗ್ಲಿಷಿನಲ್ಲಿ ಕೆಲವೇ. ಹಡಗಿನ ಪಾಠ ಬಂದವರಿಗೆ ಇಲ್ಲಿಯೂ ಅದೇ ಸಡಿಲಿಕೆ ಎಂದು ಹೇಳಿದರೆ ಸಾಕು: ತುಟಿಯ ಬಿಗಿ ಬಿಡಬೇಕು, ನಾಲಿಗೆಯ ಹಿಂಭಾಗ ತುಸು ಇಳಿಯಬೇಕು. ‘ಗುಡ್’, ‘ಬುಕ್’, ‘ಲುಕ್’, ‘ಶುಡ್’, ‘ವುಡ್’ ಎಂಬ ಐದು ಪದಗಳನ್ನು ಸರಿಯಾಗಿ ಹೇಳಿದರೆ ದಿನನಿತ್ಯದ ಅಗತ್ಯ ಬಹುಮಟ್ಟಿಗೆ ತೀರುತ್ತದೆ.

ಸಂಧ್ಯಕ್ಷರಗಳು ಸ್ಪ್ಯಾನಿಷಿನಲ್ಲಿ ಧಾರಾಳವಾಗಿವೆ. ರಾಜ ಎಂಬ ‘ರೆಯ್’, ಆರು ಎಂಬ ‘ಸೆಯ್ಸ್’ ಪದಗಳ ಸ್ವರವನ್ನೇ ಮಳೆ, ದಿನ, ತಡ ಎಂಬ ಇಂಗ್ಲಿಷ್ ಪದಗಳಿಗೆ ಒಯ್ಯಬಹುದು. ನಾನು ಹೋಗುತ್ತೇನೆ ಎಂಬ ಅರ್ಥದ ಅವರ ‘ಬೊಯ್’ ಹುಡುಗ ಎಂಬ ಇಂಗ್ಲಿಷ್ ಪದದಂತೆಯೇ ಕೇಳಿಸುತ್ತದೆ. ಇಲ್ಲಿ ವಿದ್ಯಾರ್ಥಿಗಳು ನಮಗಿಂತ ಮುಂದಿದ್ದಾರೆ. ನಾವು ‘ಲೇಟ್’ ಎಂದು ಒಂದೇ ನಾದದ ಏಕಾರ ಹಿಡಿಯುತ್ತೇವೆ, ಅವರು ಜಾರಿಸಿ ಹೇಳಬಲ್ಲರು. ‘ಓ’ ಮಾತ್ರ ಇಬ್ಬರಿಗೂ ಹೊಸದು. ದೋಣಿ ಎಂಬ ‘ಬೋಟ್’ ಪದದ ಸ್ವರ ನಿಂತಲ್ಲೇ ನಿಲ್ಲದೆ ‘ಉ’ ಕಡೆಗೆ ಸಾಗುತ್ತದೆ, ಕೊಂಡೆ ಎಂಬ ‘ಬಾಟ್’ ಪದದ್ದು ಸಾಗುವುದಿಲ್ಲ. ಸ್ವರದ ಕೊನೆಯಲ್ಲಿ ತುಟಿಗಳು ಮುಚ್ಚಿಕೊಳ್ಳುವುದನ್ನು ಕನ್ನಡಿಯಲ್ಲಿ ನೋಡಿಯೇ ಕಲಿಯಬಹುದು.

ಹಕ್ಕಿ, ಅವಳ, ಪದ, ತಿರುಗು ಎಂಬ ನಾಲ್ಕು ಇಂಗ್ಲಿಷ್ ಪದಗಳಲ್ಲಿ ರಕಾರಕ್ಕೆ ಮೊದಲು ನಾಲ್ಕು ಬೇರೆ ಬೇರೆ ಸ್ವರಾಕ್ಷರಗಳಿದ್ದರೂ ಸ್ವರ ಒಂದೇ. ಸ್ಪ್ಯಾನಿಷ್ ಭಾಷಿಕರು ನಾಲ್ಕನ್ನೂ ಅಕ್ಷರದಂತೆ ಓದಿ, ಕೊನೆಗೆ ನಾಲಿಗೆಯ ತುದಿಯನ್ನು ತಟ್ಟಿ ರಕಾರ ಹೊರಡಿಸುತ್ತಾರೆ. ನಾವೂ ‘ಬರ್ಡ್’ ಎಂದು ಹಾಗೆಯೇ ತಟ್ಟುತ್ತೇವೆ. ಅಮೆರಿಕದ ಉಚ್ಚಾರಣೆಯಲ್ಲಿ ನಾಲಿಗೆ ಎಲ್ಲಿಯೂ ತಟ್ಟುವುದಿಲ್ಲ, ನಡುಭಾಗ ಗುಡ್ಡೆಯಾಗಿ ಮೇಲೇರಿ ಸ್ವರ ಮುಗಿಯುವವರೆಗೆ ಅಲ್ಲಿಯೇ ನಿಂತಿರುತ್ತದೆ. ನಾಯಿ ಗುರುಗುಟ್ಟುವ ಧ್ವನಿಯನ್ನು ಅನುಕರಿಸಿ, ಅದನ್ನು ಮೃದುಗೊಳಿಸಿ, ಮುಂದೆ ಬಕಾರ ಹಿಂದೆ ಡಕಾರ ಸೇರಿಸಲು ಹೇಳಬೇಕು. ಕೆಲಸ ಮಾಡುವುದು ಮತ್ತು ನಡೆಯುವುದು ಎಂಬ ಎರಡು ಕ್ರಿಯಾಪದಗಳು ಬೇರೆಯಾಗಿ ಕೇಳಿಸಿದರೆ ಈ ಹೆಜ್ಜೆ ಮುಗಿದಂತೆ.

ಒತ್ತಿಲ್ಲದ ಸ್ವರ

ಶ್ವಾ ಎಂದು ಕರೆಯುವ, ಒತ್ತಿಲ್ಲದ ಉಚ್ಚಾರಾಂಶಗಳಲ್ಲಿ ಬರುವ ಮಂಕಾದ ಸ್ವರವೇ ಇಂಗ್ಲಿಷಿನಲ್ಲಿ ಅತಿ ಹೆಚ್ಚು ಸಲ ಬರುವ ಸ್ವರ. ಮೇಲಿನ ಎಲ್ಲ ಸ್ವರಗಳು ಬಂದೂ ಇದು ಬಾರದಿದ್ದರೆ ಮಾತು ಪಟಪಟನೆ ಕೊಡಲಿಯಿಂದ ಕಡಿದಂತೆ ಇರುತ್ತದೆ, ಕೇಳುವವರಿಗೆ ಯಾವ ಪದ ಮುಖ್ಯವೆಂಬುದೇ ತಿಳಿಯುವುದಿಲ್ಲ.

ಆರಂಭಿಸಲು ಎರಡೂ ಭಾಷೆಗಳಲ್ಲಿ ಒಂದೇ ರೀತಿ ಬರೆಯುವ ಪದಗಳು ಅತ್ಯುತ್ತಮ. ‘ಚಾಕೊಲೇಟ್’ ಪದವನ್ನು ಸ್ಪ್ಯಾನಿಷಿನಲ್ಲಿ ‘ಚೊ-ಕೊ-ಲಾ-ತೆ’ ಎಂದು ನಾಲ್ಕು ತುಂಡುಗಳಾಗಿ, ಮೂರನೆಯದಕ್ಕೆ ಒತ್ತು ಕೊಟ್ಟು ಹೇಳುತ್ತಾರೆ. ಇಂಗ್ಲಿಷಿನಲ್ಲಿ ಒತ್ತು ಮೊದಲನೆಯದಕ್ಕೆ, ಸಾಮಾನ್ಯ ಮಾತಿನಲ್ಲಿ ಉಳಿಯುವುದು ಎರಡೇ ತುಂಡು: ‘ಚಾಕ್-ಲಟ್’. ‘ಆನಿಮಲ್’, ‘ಹಾಸ್ಪಿಟಲ್’ ಪದಗಳಿಗೆ ಸ್ಪ್ಯಾನಿಷಿನಲ್ಲಿ ಕೊನೆಯಲ್ಲಿ ಒತ್ತು, ಇಂಗ್ಲಿಷಿನಲ್ಲಿ ಮೊದಲಲ್ಲಿ, ಉಳಿದ ಸ್ವರಗಳು ಬಣ್ಣ ಕಳೆದುಕೊಳ್ಳುತ್ತವೆ. ವಿದ್ಯಾರ್ಥಿಯ ಕೈಗೆ ಒಂದು ಅಗಲವಾದ ರಬ್ಬರ್ ಬ್ಯಾಂಡ್ ಕೊಟ್ಟು, ಒತ್ತಿನ ಜಾಗದಲ್ಲಿ ಎಳೆದು ಉಳಿದೆಡೆ ಬಿಡಲು ಹೇಳಿದರೆ ದೇಹವೇ ಲಯವನ್ನು ಹಿಡಿಯುತ್ತದೆ. ಕಾಗದದ ಮೇಲೆ ಪದವನ್ನು ಬರೆಸಿ, ಒತ್ತಿಲ್ಲದ ಸ್ವರಗಳನ್ನು ಅಳಿಸಿ ಅಲ್ಲಿ ಒಂದೊಂದು ಚುಕ್ಕೆ ಇಡಿಸುವುದು ನನ್ನ ಮೆಚ್ಚಿನ ಉಪಾಯ. ಅಕ್ಷರವನ್ನು ಕಂಡರೆ ಓದಲೇಬೇಕೆನ್ನುವ ಸ್ಪ್ಯಾನಿಷ್ ಕಣ್ಣಿಗೆ ಓದಲು ಅಲ್ಲಿ ಏನೂ ಉಳಿದಿರುವುದಿಲ್ಲ.

ಮೆಕ್ಸಿಕೋದ ನಡುನಾಡಿನ ಎತ್ತರ ಪ್ರದೇಶದವರಿಗೆ ಇನ್ನೊಂದು ದಾರಿಯಿದೆ. ಅಲ್ಲಿಯ ಆಡುಮಾತಿನಲ್ಲಿ ಸಕಾರದ ಪಕ್ಕದ ಒತ್ತಿಲ್ಲದ ಸ್ವರಗಳು ಸೊರಗುತ್ತವೆ. ಮಾತಿನ ನಡುವೆ ನಾವು ‘ಮತ್ತೆ’ ಎನ್ನುವಂತೆ ಅವರು ಬಳಸುವ ‘ಪುಏಸ್’ ಎಂಬ ಪದ ಬರಿಯ ‘ಪ್ಸ್’ ಆಗುತ್ತದೆ. ತಮ್ಮ ಬಾಯಲ್ಲಿಯೇ ಸ್ವರ ಕರಗುವುದನ್ನು ಅವರಿಗೆ ತೋರಿಸಿಕೊಟ್ಟರೆ, ಹೊಸದನ್ನು ಕಲಿಯುವ ಅಂಜಿಕೆ ಅರ್ಧ ಕಡಿಮೆಯಾಗುತ್ತದೆ. ಪದದಿಂದ ಪದಗುಚ್ಛಕ್ಕೆ ಬಂದಾಗ, ‘ಒಂದು ಲೋಟ ಚಹಾ’ ಎಂಬಂಥ ನುಡಿಗಟ್ಟಿನ ಇಂಗ್ಲಿಷ್ ರೂಪದಲ್ಲಿ ಲೋಟ ಮತ್ತು ಚಹಾ ಮಾತ್ರ ಎದ್ದು ನಿಂತು, ನಡುವಿನ ಸಣ್ಣ ಪದಗಳು ಶ್ವಾ ಆಗಿ ಅವುಗಳಿಗೆ ಅಂಟಿಕೊಳ್ಳುವುದನ್ನು ಮಾಡಿಸಬೇಕು. ನಾವು ಕನ್ನಡಿಗರೂ ಪ್ರತಿ ಅಕ್ಷರಕ್ಕೆ ಪೂರ್ಣ ಬೆಲೆ ಕೊಡುವವರೇ ಆದ್ದರಿಂದ, ಈ ಹೆಜ್ಜೆಯಲ್ಲಿ ವಿದ್ಯಾರ್ಥಿಯೊಂದಿಗೆ ಸೇರಿ ಧ್ವನಿಮುದ್ರಣವನ್ನು ಅನುಸರಿಸುತ್ತ ಹೇಳುವುದು ಇಬ್ಬರಿಗೂ ಲಾಭ.

ಕರೆಯದೆ ಬರುವ ಎಕಾರ

ಲ್ಯಾಟಿನಿನ ‘ಸ್ಕೋಲಾ’ ಸ್ಪ್ಯಾನಿಷಿನಲ್ಲಿ ‘ಎಸ್ಕುಎಲಾ’ ಆಯಿತು. ಸಕಾರದ ಒತ್ತಕ್ಷರದಿಂದ ಪದ ಆರಂಭವಾಗುವುದನ್ನು ಆ ಭಾಷೆ ಸಹಿಸುವುದಿಲ್ಲ. ಆದ್ದರಿಂದ ಅವರ ಇಂಗ್ಲಿಷಿನಲ್ಲಿ ಶಾಲೆ ‘ಎಸ್ಕೂಲ್’, ಸ್ಪೇನ್ ‘ಎಸ್ಪೇನ್’. ನಮ್ಮ ಹಳ್ಳಿಗಳಲ್ಲಿ ‘ಇಸ್ಕೂಲು’ ಎನ್ನುವುದನ್ನು ಕೇಳಿ ಬೆಳೆದವರಿಗೆ ಇದರ ಕಾರಣವನ್ನು ವಿವರಿಸಬೇಕಾಗಿಲ್ಲ. ಹಾವು ಬುಸುಗುಟ್ಟುವಂತೆ ಸಕಾರವನ್ನು ಎರಡು ಸೆಕೆಂಡು ಎಳೆದು, ಗಂಟಲಿನ ಮೇಲೆ ಬೆರಳಿಟ್ಟು ಅಲ್ಲಿ ಕಂಪನ ಇಲ್ಲವೆಂಬುದನ್ನು ಖಚಿತಪಡಿಸಿಕೊಂಡು, ಅನಂತರ ಕಕಾರಕ್ಕೆ ಹೋಗಬೇಕು. ಬೆರಳಿಗೆ ಮೊದಲೇ ಕಂಪನ ಸಿಕ್ಕಿದರೆ ಎಕಾರ ನುಸುಳಿದೆ ಎಂದರ್ಥ. ಸಕಾರದಿಂದ ಮುಗಿಯುವ ಪದವನ್ನು ಮುಂದಿಟ್ಟು, ‘ದಿಸ್ ಸ್ಕೂಲ್’ ಎಂದು ಎರಡು ಸಕಾರಗಳನ್ನು ಒಂದಾಗಿಸಿ ಹೇಳಿಸುವುದು ಇನ್ನೂ ಸುಲಭ.

ದಿನಚರಿ ಮತ್ತು ಪರೀಕ್ಷೆ

ದಿನಕ್ಕೆ ಹದಿನೈದು ನಿಮಿಷ ಸಾಕು, ಆದರೆ ದಿನವೂ ಬೇಕು. ಮೊದಲ ಐದು ನಿಮಿಷ ಕೇಳಿ ಗುರುತಿಸುವುದು, ಮುಂದಿನ ಐದು ನಿಮಿಷ ಕನ್ನಡಿಯ ಮುಂದೆ ಪದಜೋಡಿಗಳು, ಉಳಿದ ಐದು ನಿಮಿಷ ತನ್ನದೇ ಬದುಕಿನ ಬಗ್ಗೆ ಸ್ವತಂತ್ರವಾಗಿ ಮಾತನಾಡಿ ಫೋನಿನಲ್ಲಿ ಮುದ್ರಿಸಿಕೊಳ್ಳುವುದು. ಈ ಕೊನೆಯದನ್ನು ಬಿಡಲೇಬಾರದು, ಏಕೆಂದರೆ ಜೋಡಿಗಳಲ್ಲಿ ನೂರಕ್ಕೆ ನೂರು ಸರಿಯಾಗಿ ಹೇಳುವವರು ಮಾತಿಗಿಳಿದ ಕೂಡಲೇ ಹಳೆಯ ಐದು ಸ್ವರಗಳಿಗೆ ಮರಳುತ್ತಾರೆ. ಒಂದು ವಾರಕ್ಕೆ ಒಂದೇ ಸ್ವರವನ್ನು ತಿದ್ದಬೇಕು. ಉಳಿದ ತಪ್ಪುಗಳು ಎಷ್ಟೇ ಕೇಳಿಸಿದರೂ ಆ ವಾರ ಸುಮ್ಮನಿರಬೇಕು. ಹಡಗು-ಕುರಿ, ಆಕಾರದ ಮೂವರು, ಶ್ವಾ, ಈ ಮೂರಕ್ಕೆ ಮೊದಲ ಎರಡು ತಿಂಗಳನ್ನು ಕೊಟ್ಟು, ಉಕಾರದ ಜೋಡಿಯನ್ನು ಕೊನೆಗೆ ಇಟ್ಟುಕೊಳ್ಳಬಹುದು.

ಮೊದಲ ದಿನವೇ ಈ ಸ್ವರಗಳೆಲ್ಲ ಬರುವಂತೆ ಹತ್ತು ವಾಕ್ಯಗಳನ್ನು ವಿದ್ಯಾರ್ಥಿಯಿಂದ ಓದಿಸಿ ಮುದ್ರಿಸಿಡಬೇಕು. ಎಂಟು ವಾರಗಳ ನಂತರ ಅವೇ ವಾಕ್ಯಗಳನ್ನು ಮತ್ತೆ ಓದಿಸಿ, ಎರಡೂ ಮುದ್ರಣಗಳನ್ನು ವಿದ್ಯಾರ್ಥಿಯ ಪರಿಚಯವಿಲ್ಲದ, ಇಂಗ್ಲಿಷ್ ಮನೆಮಾತಿನ ಒಬ್ಬರಿಗೆ ಕಳುಹಿಸಿ, ಕೇಳಿಸಿದಂತೆ ಪದಗಳನ್ನು ಬರೆದುಕೊಡಲು ಕೇಳಬೇಕು. ಮೊದಲು ಯಾವುದು ಎಂದು ಅವರಿಗೆ ಹೇಳಬಾರದು. ನಾವು ವಿದ್ಯಾರ್ಥಿಯ ತಪ್ಪುಗಳಿಗೆ ಅಷ್ಟರಲ್ಲಿ ಒಗ್ಗಿಹೋಗಿರುತ್ತೇವೆ, ಅವರು ಹೇಳಹೊರಟದ್ದು ನಮಗೆ ಮೊದಲೇ ಗೊತ್ತಿರುತ್ತದೆ. ಹೊರಗಿನವರು ‘ವಾಸವಾಗಿದ್ದೇನೆ’ ಎಂದು ಬರೆದರೋ ‘ಹೊರಡುತ್ತೇನೆ’ ಎಂದು ಬರೆದರೋ ಎಂಬುದನ್ನು ನೋಡಿ, ಅವರು ತಪ್ಪಾಗಿ ಬರೆದ ಪದಗಳನ್ನೇ ಮುಂದಿನ ಎಂಟು ವಾರಗಳ ಪಟ್ಟಿಯನ್ನಾಗಿ ಮಾಡಿಕೊಳ್ಳಬೇಕು.